ಸಂಕಷ್ಟಿಯ ದಿನದ 248 ರೂಪಾಯಿ

ತಿಂಗಳಿಗೊಮ್ಮೆ ನಾವು ಐವರು ಸೇರುತ್ತೇವೆ. ಎಲ್ಲರೂ ಬ್ಯಾಂಕಿನಲ್ಲಿದ್ದವರು, ಈಗ ಪಿಂಚಣಿಯವರು. ಬಸವನಗುಡಿಯ ಒಂದು ಹೋಟೆಲಿನ ಮೂಲೆಯ ಮೇಜು ನಮ್ಮದೆಂದು ಅಲ್ಲಿನ ಸಪ್ಲೈಯರಿಗೂ ಗೊತ್ತು. ಈ ಸಲ ಒಬ್ಬಳಿಗೆ ಸಂಕಷ್ಟಿ. ಚಂದ್ರನನ್ನು ನೋಡುವ ತನಕ ಏನೂ ತಿನ್ನುವಂತಿಲ್ಲ, ಕಾಫಿಗೆ ಅಡ್ಡಿಯಿಲ್ಲ ಎಂದು ತಾನೇ ತೀರ್ಪು ಕೊಟ್ಟುಕೊಂಡು ಒಂದು ಕಾಫಿ ಕುಡಿದಳು. ಉಳಿದ ನಾಲ್ವರದು ಊಟ, ಅದರ ಮೇಲೆ ಜಾಮೂನು, ಅದರ ಮೇಲೆ ಐಸ್‌ಕ್ರೀಮು. ಬಿಲ್ಲು ₹1,180, ಜಿಎಸ್‌ಟಿ ಶೇ 5ರಂತೆ ₹59, ಒಟ್ಟು ₹1,239. ಐದರಿಂದ ಭಾಗಿಸಿ "ತಲೆಗೆ ಇನ್ನೂರ ನಲವತ್ತೆಂಟು" ಎಂದು ನಾನೇ ಹೇಳಿದೆ. ಸಂಕಷ್ಟಿಯವಳು ಎಲ್ಲರಿಗಿಂತ ಮೊದಲು ಫೋನ್‌ಪೇ ಮಾಡಿದಳು.

ಕ್ಯಾಷ್ ಒಂದು ರೂಪಾಯಿ ಟ್ಯಾಲಿ ಆಗದಿದ್ದರೆ ರಾತ್ರಿ ಎಂಟರ ತನಕ ಕೂತು ಹುಡುಕುತ್ತಿದ್ದವರು ನಾವು. ಅಂಥ ಐವರಲ್ಲಿ ಒಬ್ಬರ ಬಾಯಲ್ಲೂ "ಅವಳು ಕುಡಿದದ್ದು ಬರೀ ಕಾಫಿ ಕಣ್ರೇ" ಎಂಬ ಮಾತು ಬರಲಿಲ್ಲ. ನನಗೆ ಹೊಳೆದಿತ್ತು, ಆದರೂ ಹೇಳಲಿಲ್ಲ. ಯಾಕೆಂದು ಇನ್ನೂ ಗೊತ್ತಾಗಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅವಳು ನನ್ನ ಕೈ ಅಮುಕಿ ಹೇಳಿದ್ದು ಇದು: "ನಮ್ಮನೆಗೆ ಬಂದಾಗ ಬಾಯಿ ಬಿಡ್ಬೇಡ ಕಣೇ. ಕಾಫಿಗೆ ನಲವತ್ತು ರೂಪಾಯಿ ಆಯ್ತು ಅಂದಿರ್ತೀನಿ."

ಪಿಂಚಣಿ ಅವಳದು, ಫೋನು ಅವಳದು, ಉಪವಾಸವೂ ಅವಳದೇ. ಆದರೂ ಗಂಡನಿಂದ ₹208 ಮುಚ್ಚಿಡಬೇಕು. ಅವತ್ತಿನಿಂದ ಈ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

*

ಬೈ ಟೂ ಕಾಫಿಯ ಬಗ್ಗೆ.

ಒಂದು ಕಾಫಿ ಹೇಳಿ ಎರಡು ಲೋಟ ತರಿಸಿಕೊಳ್ಳುವುದರಲ್ಲಿ ನಮ್ಮೂರಿನವರಿಗೆ ಯಾವ ಸಂಕೋಚವೂ ಇಲ್ಲ. ಲಕ್ಷಗಟ್ಟಲೆ ಸಂಬಳದವರೂ "ಒನ್ ಬೈ ಟೂ" ಎನ್ನುತ್ತಾರೆ. ಮೂರು ಜನ ಇದ್ದರೆ "ಟೂ ಬೈ ತ್ರೀ". ಈ ಭಿನ್ನರಾಶಿಯನ್ನು ಸಪ್ಲೈಯರು ಕಣ್ಣಳತೆಯಲ್ಲೇ ಬಿಡಿಸಿಬಿಡುತ್ತಾನೆ. ಕಾಫಿಯನ್ನು ಅಷ್ಟು ನಿಖರವಾಗಿ ಹಂಚಿಕೊಂಡವರು ಬಿಲ್ಲು ಬಂದಾಗ ಹಂಚಿಕೊಳ್ಳುವುದಿಲ್ಲ. ಸೋಂಪಿನ ಬಟ್ಟಲಿನ ಜತೆ ಬಿಲ್ಲು ಬಂದ ತಕ್ಷಣ ಕುಸ್ತಿ ಶುರು. "ಬಿಡ್ರೀ, ನಾನ್ ಕೊಡ್ತೀನಿ", "ಏಯ್, ಹೋದ್ಸಲ ನೀನೇ ಕೊಟ್ಟಿದ್ದೆ", ಜೇಬಿನೊಳಗೆ ಹೋದ ಕೈಯನ್ನು ಇನ್ನೊಬ್ಬ ಹಿಡಿದು ಎಳೆಯುವುದು. ಅರ್ಧ ಲೋಟದಲ್ಲಿ ಮರ್ಯಾದೆ ಹೋಗುವುದಿಲ್ಲ, ಅರ್ಧ ದುಡ್ಡಿನಲ್ಲಿ ಹೋಗುತ್ತದೆ.

ದರ್ಶಿನಿಗಳಲ್ಲಿ ಈ ಕುಸ್ತಿ ಕಡಿಮೆ. ಮೊದಲು ದುಡ್ಡು, ಆಮೇಲೆ ಟೋಕನ್, ಆಮೇಲೆ ಇಡ್ಲಿ, ನಿಂತೇ ತಿನ್ನುವುದು. 1980ರ ದಶಕದಲ್ಲಿ ಜಯನಗರದ ಕಡೆ ಶುರುವಾದ ಈ ಪದ್ಧತಿಯನ್ನು ಎಲ್ಲರೂ ವೇಗಕ್ಕಾಗಿ ಹೊಗಳುತ್ತಾರೆ. ಅಲ್ಲಿ ಯಾರೂ ಯಾರಿಗೂ ಬಾಕಿ ಉಳಿಯುವುದಿಲ್ಲ ಎನ್ನುವುದನ್ನು ಮಾತ್ರ ಯಾರೂ ಹೇಳಿದ್ದು ಕೇಳಿಲ್ಲ. ತಿನ್ನುವ ಮೊದಲೇ ಲೆಕ್ಕ ಚುಕ್ತಾ.

*

ಇಸ್ರೇಲಿನ ಅರ್ಥಶಾಸ್ತ್ರಜ್ಞರು ಈ ಬಿಲ್ಲು ಹಂಚಿಕೊಳ್ಳುವುದನ್ನೇ ಪರೀಕ್ಷೆ ಮಾಡಿದ್ದರಂತೆ ಎಂದು ಮಗ ಹೇಳಿದ. ಓದಿಯೂ ನೋಡಿದೆ. ಊರಿ ಗ್ನೀಝಿ ಮತ್ತು ಇಬ್ಬರು ಸಂಗಡಿಗರು 2004ರಲ್ಲಿ ಪ್ರಕಟಿಸಿದ್ದು. ಆರಾರು ಜನರನ್ನು ಹೋಟೆಲಿನಲ್ಲಿ ಕೂರಿಸಿದರು. ತಿಂದದ್ದಕ್ಕೆ ತಾವೇ ಕೊಡಬೇಕೆಂದಾಗ ಒಬ್ಬೊಬ್ಬರು ಸರಾಸರಿ 37 ಶೆಕೆಲ್‌ನಷ್ಟು ತಿಂದರು. ಬಿಲ್ಲನ್ನು ಸಮನಾಗಿ ಹಂಚುತ್ತೇವೆಂದಾಗ ಅದೇ 51ಕ್ಕೆ ಏರಿತು. ಪೂರ್ತಿ ಪುಕ್ಕಟೆ ಎಂದಾಗ 82. ತಮಾಷೆಯೆಂದರೆ, ಮೊದಲೇ ಕೇಳಿದ್ದಾಗ ನೂರಕ್ಕೆ ಎಂಬತ್ತು ಮಂದಿ ತಮ್ಮ ತಮ್ಮದು ತಾವೇ ಕೊಡುವುದು ಒಳ್ಳೆಯದು ಎಂದಿದ್ದರು.

ಅಂದರೆ ಹಂಚಿಕೊಳ್ಳುವುದು ಬಹುಪಾಲು ಜನರಿಗೆ ಇಷ್ಟವಿಲ್ಲ, ಹಂಚಿಕೊಂಡಾಗ ಮಾತ್ರ ಹೆಚ್ಚು ತಿನ್ನುತ್ತಾರೆ. ನಮ್ಮ ಐಸ್‌ಕ್ರೀಮು ನೆನಪಾಯಿತು. ಅದನ್ನು ಹೇಳಿದ್ದು ನಾನು. ನನ್ನ ಸ್ವಂತ ದುಡ್ಡಾಗಿದ್ದರೆ ಸಕ್ಕರೆ ಕಾಯಿಲೆಯವಳು ಜಾಮೂನಿಗೇ ನಿಲ್ಲಿಸುತ್ತಿದ್ದೆ.

ಅವರ ಪರೀಕ್ಷೆಯಲ್ಲಿ ಕೂತವರು ಒಬ್ಬರಿಗೊಬ್ಬರು ಅಪರಿಚಿತರು. ಗಂಡ ಹೆಂಡತಿಯನ್ನು ಕೂರಿಸಿದ್ದರೆ ಏನಾಗುತ್ತಿತ್ತೋ.

*

ಚಿನ್ನದ ಸಾಲದ ಕೌಂಟರಿನಲ್ಲಿ ಒಂಬತ್ತು ವರ್ಷ ಕೂತಿದ್ದೆ. ಗಂಡ ಹೆಂಡಿರು ಒಬ್ಬರಿಂದೊಬ್ಬರು ದುಡ್ಡು ಮುಚ್ಚಿಡುವ ವಿಷಯದಲ್ಲಿ ನಾನು ಕಂಡದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ.

ಅಪ್ರೈಸರು ಒರೆಗಲ್ಲಿಗೆ ಉಜ್ಜಿ, ತೂಕ ಹಾಕಿ, ಕಲ್ಲು, ಅರಗು, ಕರಿಮಣಿ ಎಲ್ಲದರ ತೂಕ ಕಳೆದು ಉಳಿದದ್ದನ್ನು ಬರೆಯುತ್ತಿದ್ದರು. ಕರಿಮಣಿ ಸರ ತಂದವರಿಗೆ ಅದೊಂದು ಆಘಾತ. ಅಷ್ಟು ಉದ್ದದ ಸರ, ಚೀಟಿಯಲ್ಲಿ ಇಷ್ಟೇನಾ? ಮಣಿಗೆ ಬೆಲೆ ಇಲ್ಲವಮ್ಮ ಎಂದು ನಾನು ಹೇಳಬೇಕಾಗುತ್ತಿತ್ತು. ಉಳಿದ ಚಿನ್ನದ ಬೆಲೆಯಲ್ಲೂ ಆಗ ಸಾಮಾನ್ಯವಾಗಿ ನೂರಕ್ಕೆ ಎಪ್ಪತ್ತೈದರ ತನಕ ಸಾಲ ಸಿಗುತ್ತಿತ್ತು. ಚೀಲಕ್ಕೆ ಸೀಲು, ಸೇಫಿಗೆ ಚೀಲ.

ಹೆಂಡತಿಯ ಸರ ತಂದ ಗಂಡಸರ ಮಾತು ಹೆಚ್ಚುಕಮ್ಮಿ ಒಂದೇ: "ಪಾಲಿಷ್‌ಗೆ ಕೊಟ್ಟಿದೀನಿ ಅಂದಿದೀನಿ ಮೇಡಂ, ಬೇಗ ಬಿಡಿಸ್ಕೋತೀನಿ." ಯಾವ ಅಕ್ಕಸಾಲಿಗ ಒಂದು ಸರವನ್ನು ಹನ್ನೊಂದು ತಿಂಗಳು ಪಾಲಿಷ್ ಮಾಡುತ್ತಾನೆಂದು ಆ ಹೆಣ್ಣುಮಗಳು ಕೇಳುವುದಿಲ್ಲವೇ? ಕೇಳುತ್ತಿರಲಿಲ್ಲ ಎಂದೇ ತೋರುತ್ತದೆ. ಹಾಗೆ ಕೇಳದೆ ಇರುವುದಕ್ಕೂ ಒಂದು ಬುದ್ಧಿ ಬೇಕು. ಕಷ್ಟಕಾಲದಲ್ಲಿ ಗಂಡ ಸ್ತ್ರೀಧನ ಬಳಸಿಕೊಂಡರೂ ಅದನ್ನು ಹಿಂದಿರುಗಿಸುವ ನೈತಿಕ ಹೊಣೆ ಅವನದು ಎಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿತು. ಪೇಪರಿನಲ್ಲಿ ಓದಿದಾಗ ಆ ಪಾಲಿಷ್ ಸರಗಳೆಲ್ಲ ಕಣ್ಣ ಮುಂದೆ ಬಂದವು.

ಹೆಂಗಸರದು ಬೇರೆ ದಾರಿ. ತಮ್ಮದೇ ಬಳೆ ತರುತ್ತಿದ್ದರು, ಸೆರಗಿನೊಳಗೆ, ಕರ್ಚೀಫಿನಲ್ಲಿ ಸುತ್ತಿ. ತವರಿನ ತಮ್ಮನಿಗೋ ಮಗಳ ಫೀಸಿಗೋ, ಚೀಟಿಯ ಕಂತು ತಪ್ಪಿದ್ದಕ್ಕೋ. ಎಸ್ಸೆಮ್ಮೆಸ್ ಬಂದ ಮೇಲೆ ಇವರಿಗೆ ಹೊಸ ತಾಪತ್ರಯ. "ನಮ್ಮನೆಯವರ ನಂಬರ್ ಹಾಕ್ಬೇಡಿ ಮೇಡಂ, ತಂಗಿ ನಂಬರ್ ಹಾಕಿ." ತಾಳಿ ಅಡವಿಟ್ಟವರು ಕಡಿಮೆ. ಇಟ್ಟವರು ಅರಿಶಿನ ಕೊಂಬು ಕಟ್ಟಿದ ದಾರ ಹಾಕಿಕೊಂಡೇ ಬಂದಿರುತ್ತಿದ್ದರು. ಕೌಂಟರಿನಲ್ಲಿ ಬಿಚ್ಚುವಂತಾಗಬಾರದು, ನೋಡಿ.

ಒಂದು ಸಂಗತಿ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಹೆಸರಿಲ್ಲದೆ ಬರೆಯಬಹುದು. ಒಂದೇ ಮನೆಯ ಗಂಡ, ಹೆಂಡತಿ, ಒಂದೇ ವರ್ಷ, ನಮ್ಮದೇ ಶಾಖೆ. ಅವನು ಜೂನ್‌ನಲ್ಲಿ ತನ್ನ ಉಂಗುರ, ಬ್ರೇಸ್‌ಲೆಟ್ ಇಟ್ಟಿದ್ದ. ಅವಳು ಸೆಪ್ಟೆಂಬರ್‌ನಲ್ಲಿ ಬಳೆ ಇಟ್ಟಳು. ಇಬ್ಬರೂ "ಮನೇಲಿ ಗೊತ್ತಾಗ್ಬಾರ್ದು" ಎಂದರು. ಒಬ್ಬ ಗಿರಾಕಿಯ ವ್ಯವಹಾರವನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ, ಅದು ನಮ್ಮ ವೃತ್ತಿಯ ಮೊದಲ ಪಾಠ. ಎರಡು ಚೀಲ ಒಂದೇ ಸೇಫಿನ ಒಂದೇ ಅರೆಯಲ್ಲಿ, ನಡುವೆ ನಾಲ್ಕು ಬೆರಳು ಜಾಗ. ಬೀಗ ಹಾಕುವಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ವಿಚಿತ್ರವೆಂದರೆ ಇಬ್ಬರೂ ಬಡ್ಡಿ ಕಟ್ಟಲು ಒಂದು ತಿಂಗಳೂ ತಪ್ಪಿಸಲಿಲ್ಲ.

*

ಗೃಹಸಾಲದ ವಿಭಾಗಕ್ಕೆ ಹೋದ ಮೇಲೆ ಕಂಡದ್ದು ಇನ್ನೊಂದು.

ಜಂಟಿ ಅರ್ಜಿಯಾದರೆ ಇಬ್ಬರ ಸಿಬಿಲ್ ವರದಿಯನ್ನೂ ತೆಗೆಯಬೇಕು. ಅಂಕ 300ರಿಂದ 900ರ ತನಕ. ದಂಪತಿಗೆ ಸೇರಿಸಿ ಒಂದು ಅಂಕ ಎಂಬುದಿಲ್ಲ. ಪಡಿತರ ಚೀಟಿಯಲ್ಲಿ ಒಂದಾದವರು ಇಲ್ಲಿ ಬೇರೆ ಬೇರೆ. ಇಬ್ಬರೂ ನನ್ನೆದುರು ಕೂತಿದ್ದರು. ಹೆಂಡತಿ ಶಾಲೆಯ ಟೀಚರು, ಗಂಡನಿಗೆ ಖಾಸಗಿ ಕಂಪನಿಯಲ್ಲಿ ಕೆಲಸ. ಆಕೆ ಮನೆಯ ನಕ್ಷೆಯನ್ನೂ ತಂದಿದ್ದರು. ಪೂಜಾಕೋಣೆ ಈಶಾನ್ಯಕ್ಕೆ ಬಂದಿದೆ ಎಂದು ನನಗೆ ತೋರಿಸುತ್ತಿದ್ದಾಗ ನಾನು ವರದಿ ನೋಡುತ್ತಾ ಯಾಂತ್ರಿಕವಾಗಿ ಕೇಳಿಬಿಟ್ಟೆ: "ಸಾರ್, ಈ ಎರಡು ಪರ್ಸನಲ್ ಲೋನು ಅರ್ಜಿಯಲ್ಲಿ ಬರೆದಿಲ್ವಲ್ಲ?"

"ಯಾವ ಲೋನು?" ಎಂದದ್ದು ಹೆಂಡತಿ.

ಅವನು ನಕ್ಷೆಯನ್ನೇ ನೋಡುತ್ತಿದ್ದ. ನಾನು ಪ್ರಿಂಟರು ಕೆಟ್ಟಿದೆ, ನಾಳೆ ಬನ್ನಿ ಎಂದೆ. ಪ್ರಿಂಟರು ಪಕ್ಕದಲ್ಲೇ ಯಾರದೋ ಹಾಳೆಗಳನ್ನು ಉಗುಳುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಮರುದಿನ ಅವನೊಬ್ಬನೇ ಬಂದ. ಆರು ತಿಂಗಳ ಸ್ಟೇಟ್‌ಮೆಂಟು ಹರಡಿಕೊಂಡು ಕೂತೆವು. ಕುಡಿತವಿಲ್ಲ, ಇಸ್ಪೀಟಿಲ್ಲ, ಆನ್‌ಲೈನ್ ರಮ್ಮಿಯೂ ಇಲ್ಲ. ಶುಕ್ರವಾರ, ಶನಿವಾರಗಳ ಎದುರು ಹೋಟೆಲುಗಳ ಹೆಸರು. ಒಂದು ಸಾಲು ನೆನಪಿದೆ, ₹6,840. ಎಷ್ಟು ಜನ ಇದ್ರಿ ಎಂದು ಕೇಳಿದೆ. ಎಂಟು. ಹಾಗಿದ್ದರೆ ಆಮೇಲೆ ₹855, ₹855 ಎಂದು ಏಳು ಸಲ ಜಮೆ ಆಗಿರಬೇಕಿತ್ತು. ಹೀಗೆ ಹೋಟೆಲಿನ ದೊಡ್ಡ ಮೊತ್ತದ ಕೆಳಗೆ ಪುಡಿ ಜಮೆಗಳ ಮರಿಗಳು ಸಾಲಾಗಿ ಇರುವುದನ್ನು ಯುಪಿಐ ಬಂದ ಮೇಲೆ ಎಷ್ಟೋ ಹುಡುಗರ ಖಾತೆಗಳಲ್ಲಿ ನೋಡಿದ್ದೇನೆ. ಇವನದರಲ್ಲಿ ಒಂದೂ ಇಲ್ಲ.

"ಕೇಳೋಕೆ ಆಗಲ್ಲ ಮೇಡಂ. ಟೀಮಲ್ಲಿ ನಾನೇ ಸೀನಿಯರ್ರು."

ಕಾರ್ಡಿನಲ್ಲಿ ಕೊಡುತ್ತಿದ್ದ. ಬಿಲ್ಲು ಬಂದಾಗ ಕನಿಷ್ಠ ಮೊತ್ತ ಕಟ್ಟುತ್ತಿದ್ದ, ಒಟ್ಟಿನ ಶೇ 5ರ ಆಸುಪಾಸು. ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ. ಇದೇ ದರವನ್ನು ಊರಲ್ಲಿ ಬಡ್ಡಿಯವನೊಬ್ಬ ಕೇಳಿದ್ದರೆ ಇವನ ಅಪ್ಪ ಚಪ್ಪಲಿ ಹುಡುಕುತ್ತಿದ್ದರು. ಕಾರ್ಡಿನ ಬಾಕಿ ತೀರಿಸಲು ಒಂದು ಪರ್ಸನಲ್ ಲೋನು, ಅದರ ಕಂತಿಗೆ ಕೈ ಸಾಲದೆ ಇನ್ನೊಂದು. ಒಟ್ಟು ನಾಲ್ಕು ಲಕ್ಷ ಚಿಲ್ಲರೆ. ಸರ್ವಜ್ಞನ ಸಾಲದ ತ್ರಿಪದಿ ಎಲ್ಲರಿಗೂ ಬಾಯಿಪಾಠ, ಇವನಿಗೂ ಬರುತ್ತಿತ್ತು. ಆದರೆ ಅದರಲ್ಲಿ ಸಾಲ ಕೊಟ್ಟವನು ಬಂದು ಎಳೆಯುತ್ತಾನೆ, ಹೆಂಡತಿಯ ಸುದ್ದಿಯಿಲ್ಲ. ಇವನನ್ನು ಎಳೆದದ್ದು ನಕ್ಷೆ ಹಿಡಿದುಕೊಂಡಿದ್ದ ಟೀಚರು.

ಮೇಜಿನ ಮುಂದೆ ಏಳು ಜನರ ಎದುರು ₹855 ಕೇಳಲಾರದವನು ಮನೆಯಲ್ಲಿ ಒಬ್ಬಳ ಎದುರು ನಾಲ್ಕು ಲಕ್ಷ ಹೇಳಲಾರ. ನಾಚಿಕೆ ಎರಡು ಕಡೆಯೂ ಒಂದೇ ಇರಬೇಕು, ಮೊತ್ತ ಬೇರೆ ಅಷ್ಟೇ. ಸಂಕಷ್ಟಿಯವಳ ₹208 ಕೂಡ ಇದೇ ಕುಲದ್ದು ಎಂದು ನನಗೆ ಗುಮಾನಿ.

ಒಂದು ತಿಂಗಳ ಮೇಲೆ ಇಬ್ಬರೂ ಮತ್ತೆ ಬಂದರು. ಸಾಲದ ಮೊತ್ತ ಕಡಿಮೆ, ನಕ್ಷೆಯಲ್ಲಿ ಒಂದು ಕೋಣೆ ಕಡಿಮೆ. ಈ ಸಲ ಅರ್ಜಿಯನ್ನು ತುಂಬಿದ್ದು ಹೆಂಡತಿ, ಟೀಚರರ ದುಂಡು ಅಕ್ಷರದಲ್ಲಿ. ಸಾಲಗಳ ಅಂಕಣದಲ್ಲಿ ಒಂದು ಹಳೇ ಫ್ರಿಜ್ಜಿನ ಕಂತನ್ನೂ ಬಿಟ್ಟಿರಲಿಲ್ಲ.

*

ಗಂಡ ಹೆಂಡಿರ ಸಾಲದ ಬಗ್ಗೆ ಹಳಬರು ಏನೆಂದಿದ್ದಾರೆಂದು ಗ್ರಂಥಾಲಯದಲ್ಲಿ ಯಾಜ್ಞವಲ್ಕ್ಯ ಸ್ಮೃತಿ ತಿರುವಿಹಾಕಿದೆ, ಅದರ ವ್ಯಾಖ್ಯಾನವಾದ ಮಿತಾಕ್ಷರದ ಸಮೇತ. ಮಿತಾಕ್ಷರ ಬರೆದ ವಿಜ್ಞಾನೇಶ್ವರ ಕಲ್ಯಾಣದವನು. ಈಗ ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣವೇ ಅದು. ಆರನೆಯ ವಿಕ್ರಮಾದಿತ್ಯನ ಆಸ್ಥಾನ. ದೇಶದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ, ಸಾಲಗಳ ನ್ಯಾಯ ನೂರಾರು ವರ್ಷ ಅಲ್ಲಿ ಬರೆದ ಪುಸ್ತಕದಂತೆ ನಡೆಯಿತು.

ಗಂಡ ಮಾಡಿದ ಸಾಲವನ್ನು ಹೆಂಡತಿ ತೀರಿಸಬೇಕಿಲ್ಲ, ಅವಳೇ ಒಪ್ಪಿಕೊಂಡಿದ್ದರೆ ಅಥವಾ ಇಬ್ಬರೂ ಕೂಡಿ ಮಾಡಿದ್ದರೆ ಮಾತ್ರ ತೀರಿಸಬೇಕು ಎಂದಿದೆ. ಹೆಂಡತಿಯ ಸಾಲವನ್ನು ಗಂಡನೂ ತೀರಿಸಬೇಕಿಲ್ಲ, ಸಂಸಾರಕ್ಕಾಗಿ ಮಾಡಿದ್ದಲ್ಲದಿದ್ದರೆ. ಇದಕ್ಕೊಂದು ವಿನಾಯಿತಿ: ಗೊಲ್ಲ, ಹೆಂಡ ಮಾರುವವ, ನಟ, ಅಗಸ, ಬೇಡ, ಇವರು ಹೆಂಡತಿಯ ಸಾಲ ತೀರಿಸಲೇಬೇಕು. ಯಾಕೆಂದರೆ ಇವರ ಬದುಕು ನಡೆಯುವುದೇ ಹೆಂಡತಿಯ ದುಡಿಮೆಯಿಂದ. ಹಾಗಾದರೆ ಹೆಂಡತಿ ಟೀಚರಾಗಿರುವ ಖಾಸಗಿ ಕಂಪನಿಯವನು ಯಾವ ಪಟ್ಟಿಗೆ ಸೇರುತ್ತಾನೆ?

ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಮಾತು. ಪಾಲಾಗದೆ ಒಟ್ಟಿಗಿರುವ ತನಕ ಗಂಡ ಹೆಂಡಿರ ನಡುವೆ ಸಾಲವಿಲ್ಲ, ಜಾಮೀನಿಲ್ಲ, ಸಾಕ್ಷಿಯಿಲ್ಲ. ಮೊದಲು ಓದಿದಾಗ ಬಹಳ ಸೊಗಸಾಗಿ ಕಂಡಿತು. ಎರಡನೆಯ ಸಲ ಓದಿದಾಗ ಬ್ಯಾಂಕಿನವಳ ಬುದ್ಧಿ ಎದ್ದಿತು. ಒಳಗೆ ಸಾಲ ಹುಟ್ಟುವುದಿಲ್ಲವೆಂದ ಮೇಲೆ ಬೇಕಾದವರು ಹೊರಗೇ ಹೋಗಬೇಕಲ್ಲ, ನಮ್ಮ ಕೌಂಟರಿಗೆ.

ಈಗಿನ ಕಾನೂನೂ ಬಹಳ ದೂರ ಹೋಗಿಲ್ಲ. ಸಹಿ ಹಾಕದ ಹೆಂಡತಿಯ ಮೇಲೆ ಗಂಡನ ಸಾಲ ಬೀಳುವುದಿಲ್ಲ. ಅವನು ಸತ್ತರೆ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ. ಅಪ್ಪನ ಸಾಲ ಮಗನ ಧರ್ಮ ಎಂಬುದನ್ನೂ 2005ರ ಸೆಪ್ಟೆಂಬರ್ 9ರಿಂದ ತೆಗೆದುಹಾಕಿದ್ದಾರೆ.

*

ಮೈಸೂರಿನಲ್ಲಿ ಒಂದು ಮದುವೆ. ಛತ್ರದ ಬಾಗಿಲಲ್ಲಿ ಮುಯ್ಯಿ ಬರೆಯುವ ಮೇಜು. ₹501, ₹1,001, ಊರು, ಹೆಸರು, ಇಂಥವರ ಅಳಿಯ ಎಂದು ವಿವರ. ಈ ಪುಸ್ತಕ ಮನೆಯ ಟ್ರಂಕಿನಲ್ಲಿ ಇಪ್ಪತ್ತು ವರ್ಷ ಇರುತ್ತದೆ. ಅವರ ಮನೆಯ ಮದುವೆ ಬಂದಾಗ ತೆಗೆದು ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ಓದಿಸಬೇಕು. ಒಳಗೆ ಮಂಟಪದಲ್ಲಿ ವರ ಧರ್ಮ, ಅರ್ಥ, ಕಾಮ ಮೂರರಲ್ಲೂ ಇವಳನ್ನು ಮೀರಿ ನಡೆಯುವುದಿಲ್ಲ ಎಂದು ಪುರೋಹಿತರು ಹೇಳಿದಂತೆ ಹೇಳುತ್ತಿದ್ದ. ಧರ್ಮಕ್ಕೆ ಯಾರೂ ಪ್ರತಿಕ್ರಿಯಿಸಲಿಲ್ಲ, ಕಾಮಕ್ಕೆ ಹುಡುಗರು ನಕ್ಕರು. ನಡುವಿನ ಅರ್ಥ ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಹೊರಗಿನ ಮೇಜಿನಲ್ಲಿ ಇಡೀ ಊರಿನ ಲೆಕ್ಕ ನಡೆಯುತ್ತಿತ್ತು.

*

2016ರ ನವೆಂಬರ್ 8ರ ನೋಟು ರದ್ದತಿಯ ನಂತರದ ವಾರಗಳು. ಸಾಸಿವೆ ಡಬ್ಬಿ, ಅಕ್ಕಿ ಡಬ್ಬಿ, ಹಳೇ ಸೀರೆಯ ಮಡಿಕೆಗಳಿಂದ ಐನೂರು, ಸಾವಿರದ ನೋಟುಗಳು ಹೊರಟು ನಮ್ಮ ಕೌಂಟರಿಗೆ ಬಂದವು. ತಂದ ಹೆಂಗಸರ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದ ಕಳೆ. ಒಬ್ಬಾಕೆಯ ಗಂಡ ಸಾಲಿನಲ್ಲೇ ಗದರಿದ: "ಇಷ್ಟು ದುಡ್ಡಿಟ್ಕೊಂಡು ನಂಗೆ ಹೇಳ್ಲಿಲ್ಲ!" ಆ ಮನುಷ್ಯನ ಹೆಸರಿನಲ್ಲಿ ನಮ್ಮಲ್ಲಿ ಎರಡು ಸಾಲವಿತ್ತು. ಆಕೆಗೆ ಗೊತ್ತಿತ್ತೋ ಇಲ್ಲವೋ. ನಾನು ನೋಟು ಎಣಿಸಿದೆ.

ಗುಟ್ಟಿನ ಉಳಿತಾಯಕ್ಕೆ ಡಬ್ಬಿಯ ಹೆಸರಿದೆ, ಕೇಳಿದವರು ನಗುತ್ತಾರೆ. ಗುಟ್ಟಿನ ಸಾಲಕ್ಕೆ ಅಂಥ ಮುದ್ದಿನ ಹೆಸರು ಯಾಕಿಲ್ಲ? ಕೈಸಾಲ ಎನ್ನುತ್ತೇವೆ, ಕೈ ಎಂದ ತಕ್ಷಣ ಅದೇನೋ ಸಣ್ಣದಾಗಿ ಕೇಳಿಸುತ್ತದೆ.

*

ನನ್ನದೂ ಒಂದಿದೆ. ಬರೆಯದೆ ಬಿಟ್ಟರೆ ಈ ಪುಸ್ತಕ ಟ್ಯಾಲಿ ಆಗುವುದಿಲ್ಲ.

1998ರಲ್ಲಿ ಸಹೋದ್ಯೋಗಿಯೊಬ್ಬರ ಸೊಸೈಟಿ ಸಾಲಕ್ಕೆ ಜಾಮೀನು ನಿಂತೆ. ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದವರು, ಅವರ ಹುಳಿ ನನಗೆ, ನನ್ನ ಪಲ್ಯ ಅವರಿಗೆ. ಸಹಿ ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ ಎಂದು 1872ರ ಕರಾರು ಕಾಯಿದೆ ಹೇಳುತ್ತದೆ. ನಾನೇ ಎಷ್ಟೋ ಜನಕ್ಕೆ ವಿವರಿಸಿದ್ದೆ. ಅವರು ಕಟ್ಟಲಿಲ್ಲ. ನನ್ನ ಸಂಬಳದಿಂದ ತಿಂಗಳಿಗೆ ₹1,150ರಂತೆ 22 ತಿಂಗಳು ಕಡಿತವಾಯಿತು, ಒಟ್ಟು ₹25,300. ಪೇ ಸ್ಲಿಪ್ಪುಗಳನ್ನು ರೇಷ್ಮೆ ಸೀರೆಗಳ ಕೆಳಗೆ ಹಾಸಿದ ಪೇಪರಿನಡಿ ಇಟ್ಟೆ. ಮನೆಯಲ್ಲಿ ಎಲ್‌ಐಸಿ ಹೆಚ್ಚಿಸಿದ್ದೇನೆ ಎಂದೆ.

ನಮ್ಮವರು ಬೈಯುವವರಲ್ಲ. ಬೈದಿದ್ದರೂ ಎರಡು ದಿನ. ಆಮೇಲೆ ಇಬ್ಬರೂ ಸೇರಿ ಹೋಗಿ ಆ ಸಹೋದ್ಯೋಗಿಯನ್ನು ಕೇಳಬಹುದಿತ್ತು. ಬಹುಶಃ ಅದೇ ಬೇಡವಾಗಿತ್ತು. ಡಬ್ಬಿ ಹಂಚಿಕೊಂಡವರ ಬಾಗಿಲಲ್ಲಿ ಗಂಡನ ಜತೆ ನಿಂತು ದುಡ್ಡು ಕೇಳುವುದಕ್ಕಿಂತ ತಿಂಗಳಿಗೆ ₹1,150 ಅಗ್ಗ ಎನಿಸಿತ್ತೇ? ಹಾಗಾದರೆ ನನಗೂ ಆ ಎಂಟು ಜನರ ಸೀನಿಯರಿಗೂ ಏನು ವ್ಯತ್ಯಾಸ?

ಈ ವಾರ ಹೇಳಿಬಿಟ್ಟೆ. ರಾತ್ರಿ ಊಟವಾಗಿ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, ಸುಣ್ಣದ ಡಬ್ಬಿ ಮುಚ್ಚಿ, "ಬಡ್ಡಿ ಎಷ್ಟಿತ್ತು?" ಎಂದರು.

"ಹದಿನಾಲ್ಕು ಪರ್ಸೆಂಟು."

"ಹೂಂ. ಆ ಕಾಲಕ್ಕೆ ಜಾಸ್ತಿಯೇನಲ್ಲ."

ಅಷ್ಟೇ. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಉತ್ತರ ಇಟ್ಟುಕೊಂಡಿದ್ದೆ. ಸ್ವಲ್ಪ ಹೊತ್ತು ಬಿಟ್ಟು ನಾನೇ ಕೇಳಿದೆ: "ರೀ, ನಿಮ್ದೇನಾದ್ರೂ ಇದ್ಯಾ ಈ ಥರ?"

"ಸಂಪಿಗೆ ನೀರು ಬಂತೇನೋ, ನೋಡ್ತೀನಿ" ಎಂದು ಟಾರ್ಚು ಹಿಡಿದುಕೊಂಡು ಎದ್ದು ಹೋದರು.

ನಮ್ಮ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಹಿಂದಿನ ದಿನವಷ್ಟೇ ಬಂದಿತ್ತು.